ಯಾವ ಕಂಪನೀದು ತಗೋಬೇಕ್ರಿ?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು. ಈ ನಾಲ್ಕು ಊರುಗಳಲ್ಲಿ ಯಾವ ಕಂಪ್ಯೂಟರ್ ಅಂಗಡಿಯ ಮುಂದೆ ನಿಂತು ಹಾರ್ಡ್ ಡಿಸ್ಕಿನ ಮಾತು ತೆಗೆದರೂ ತೀರ್ಪು ಕೂಡಲೇ ಸಿಗುತ್ತದೆ. "ಆ ಕಂಪನೀದು ಪುಕ್ಕಟೆ ಕೊಟ್ರೂ ತಗೋಬ್ಯಾಡ್ರಿ" ಎಂದು ಬಾಗಲಕೋಟೆ ನವನಗರದ ಫೋಟೊ ಸ್ಟುಡಿಯೊದವರು ಹೇಳುತ್ತಾರೆ. ಅದೇ ಕಂಪನಿಯ ಡಿಸ್ಕನ್ನು ಹುನಗುಂದದ ಡಿಟಿಪಿ ಅಂಗಡಿಯವರು "ಹದಿನೈದು ವರ್ಷ ಆತ್ರೀ, ಒಂದಿನಾನೂ ಕೈ ಕೊಟ್ಟಿಲ್ಲ" ಎಂದು ತಟ್ಟಿ ತೋರಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮದುವೆ ವಿಡಿಯೊ, ಸೀರೆ ಅಂಗಡಿಯ ಟ್ಯಾಲಿ ಲೆಕ್ಕ, ಗ್ರಾನೈಟ್ ಫ್ಯಾಕ್ಟರಿಯ ಸಿಸಿ ಕ್ಯಾಮೆರಾ, ಜಾತ್ರೆ ನಾಟಕದ ರೆಕಾರ್ಡಿಂಗ್ ಎಲ್ಲವೂ ಇಲ್ಲಿ ಡಿಸ್ಕಿನ ಮೇಲೆಯೇ ನಿಂತಿವೆ, ಹೀಗಾಗಿ ಅನುಭವಕ್ಕೆ ಬರವಿಲ್ಲ. ಆ ಅನುಭವದಿಂದ ಕಂಪನಿಯ ಗುಣ ತಿಳಿಯುತ್ತದೆಯೇ ಎಂಬುದು ಬೇರೆ ಮಾತು. ನಾನು ಕೇಳಿದ್ದು, ಓದಿದ್ದು ಎರಡನ್ನೂ ಎದುರುಬದುರು ಇಟ್ಟು ನೋಡಿದರೆ, ಬಹುಮಟ್ಟಿಗೆ ತಿಳಿಯುವುದಿಲ್ಲ ಎಂದೇ ಅನ್ನಿಸುತ್ತದೆ. ಆ ಕಾರಣಕ್ಕೇ ಊರಿನ ದೂರುಗಳನ್ನು ಹೇಳುವಾಗ ಕಂಪನಿಯ ಹೆಸರು ಬಿಟ್ಟಿದ್ದೇನೆ. ಜಗತ್ತಿಗೇ ಗೊತ್ತಾಗಿ ದಾಖಲೆಯಾದ ಪ್ರಕರಣಗಳಲ್ಲಿ ಮಾತ್ರ ಹೆಸರು ಹೇಳುತ್ತೇನೆ.

ಮೊದಲು ಒಂದು ಲೆಕ್ಕ. ಒಂದು ಸ್ಟುಡಿಯೊದಲ್ಲಿ ಹತ್ತು ಡಿಸ್ಕುಗಳಿವೆ, ಪ್ರತಿಯೊಂದೂ ವರ್ಷಕ್ಕೆ ಶೇ 1.5ರಷ್ಟು ಕೆಡುವ ಸಂಭವವಿರುವ ಒಳ್ಳೆಯ ಡಿಸ್ಕು ಎಂದುಕೊಳ್ಳಿ. ಐದು ವರ್ಷದಲ್ಲಿ ಅವುಗಳಲ್ಲಿ ಒಂದಾದರೂ ಕೆಡುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು. ಅಂದರೆ ತಪ್ಪು ಯಾರದ್ದೂ ಇಲ್ಲದಿದ್ದರೂ ಎರಡರಲ್ಲಿ ಒಂದು ಸ್ಟುಡಿಯೊಕ್ಕೆ ಪೆಟ್ಟು ಬೀಳಲೇಬೇಕು. ಕೆಟ್ಟ ಆ ಡಿಸ್ಕಿನ ಮೇಲೆ ಯಾವುದೋ ಒಂದು ಹೆಸರು ಇದ್ದೇ ಇರುತ್ತದೆ. ಅದರೊಳಗೆ ಯಾರದ್ದೋ ಮಗಳ ಮದುವೆ ಇದ್ದರಂತೂ ಆ ಹೆಸರು ಅಂಗಡಿಯಲ್ಲಿ ಶಾಶ್ವತವಾಗಿ ಕೆಟ್ಟಿತು. ಸುಮ್ಮನೆ ಕೆಲಸ ಮಾಡುತ್ತ ಕುಳಿತ ಉಳಿದ ಒಂಬತ್ತರ ಹೆಸರು ಯಾರಿಗೂ ನೆನಪಿರುವುದಿಲ್ಲ.

ಅದೂ ಅಲ್ಲದೆ, ಈಗ ಉಳಿದಿರುವ ಹೆಸರುಗಳೇ ಮೂರು: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಶಿಬಾ. ಇಪ್ಪತ್ತೈದು ವರ್ಷದ ಹಿಂದೆ ಅಸೆಂಬಲ್ಡ್ ಪಿಸಿ ಕಟ್ಟಿಸಿದವರಿಗೆ ಮ್ಯಾಕ್ಸ್‌ಟರ್, ಕ್ವಾಂಟಮ್, ಸ್ಯಾಮ್‌ಸಂಗ್, ಫುಜಿತ್ಸು, ಹಿಟಾಚಿ ನೆನಪಿರಬೇಕು. ಕ್ವಾಂಟಮ್‌ನ ಡಿಸ್ಕ್ ವ್ಯವಹಾರ ಮ್ಯಾಕ್ಸ್‌ಟರ್‌ಗೆ ಹೋಯಿತು, ಮ್ಯಾಕ್ಸ್‌ಟರ್ 2006ರಲ್ಲಿ ಸೀಗೇಟ್‌ನ ಹೊಟ್ಟೆ ಸೇರಿತು, ಸ್ಯಾಮ್‌ಸಂಗ್‌ನ ಡಿಸ್ಕ್ ವಿಭಾಗವೂ 2011ರಲ್ಲಿ ಅಲ್ಲಿಗೇ ಹೋಯಿತು. ಫುಜಿತ್ಸುವಿನದು 2009ರಲ್ಲಿ ತೋಶಿಬಾಕ್ಕೆ. ಐಬಿಎಂನದು 2003ರಲ್ಲಿ ಹಿಟಾಚಿಗೆ, ಅಲ್ಲಿಂದ 2012ರಲ್ಲಿ ವೆಸ್ಟರ್ನ್ ಡಿಜಿಟಲ್‌ಗೆ. "ನಮ್ಮಪ್ಪನ ಕಾಲದಿಂದ ಈ ಕಂಪನೀದ ತಗೋತೀವಿ" ಎನ್ನುವವರ ಕೈಯಲ್ಲಿರುವುದು ಅಪ್ಪನ ಕಾಲದ ವೈರಿ ಕಂಪನಿಯ ಕಾರ್ಖಾನೆಯಿಂದ ಬಂದದ್ದೂ ಆಗಿರಬಹುದು.

ಹಾಗಾದರೆ ಕೆಟ್ಟ ಡಿಸ್ಕು ಎಂಬುದೇ ಇಲ್ಲವೇ? ಖಂಡಿತ ಇದೆ. 2000ದ ಸುಮಾರಿಗೆ ಐಬಿಎಂ ಬಿಟ್ಟ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಎಷ್ಟು ಬೇಗ ಸಾಯುತ್ತಿತ್ತೆಂದರೆ ಜನ ಅದನ್ನು ಡೆತ್‌ಸ್ಟಾರ್ ಎಂದೇ ಕರೆದರು, 2001ರಲ್ಲಿ ಅಮೆರಿಕದಲ್ಲಿ ದಾವೆಯೂ ಬಿತ್ತು. ಅದೇ ಹೊತ್ತಿನ ಫುಜಿತ್ಸು ಡಿಸ್ಕುಗಳು ಒಂದು ಚಿಪ್ಪಿನ ಪ್ಲಾಸ್ಟಿಕ್ ಹೊದಿಕೆಯ ರಾಸಾಯನಿಕದ ದೋಷದಿಂದ ಸಾಲುಸಾಲಾಗಿ ಕೈಕೊಟ್ಟವು. 2008ರ ಕೊನೆಗೆ ಸೀಗೇಟ್‌ನ ಬಾರಾಕುಡಾ 7200.11 ಫರ್ಮ್‌ವೇರ್ ತಪ್ಪಿನಿಂದಾಗಿ ಒಂದು ದಿನ ಆನ್ ಮಾಡಿದರೆ ಕಾಣಿಸಿಕೊಳ್ಳುತ್ತಲೇ ಇರಲಿಲ್ಲ. ತಟ್ಟೆ, ಹೆಡ್ಡು ಎಲ್ಲ ನೆಟ್ಟಗಿದ್ದು ಒಳಗಿನ ತಂತ್ರಾಂಶವೇ ಬಾಗಿಲು ಹಾಕಿಕೊಳ್ಳುವ ವಿಚಿತ್ರ ಕಾಯಿಲೆ ಅದು. ಇನ್ನು 2011ರ ಸೀಗೇಟ್ 3 ಟಿಬಿ ಮಾದರಿ, ಎಸ್‌ಟಿ3000ಡಿಎಂ001. ಕ್ಯಾಲಿಫೋರ್ನಿಯಾದ ಬ್ಯಾಕ್‌ಬ್ಲೇಜ್ ಎಂಬ ಬ್ಯಾಕಪ್ ಕಂಪನಿ ತನ್ನಲ್ಲಿ ಹಾಕಿದ್ದ ಇಂಥ ನಾಲ್ಕು ಸಾವಿರಕ್ಕೂ ಹೆಚ್ಚು ಡಿಸ್ಕುಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು 2015ರ ಮಾರ್ಚ್ ಹೊತ್ತಿಗೆ ಕೆಟ್ಟಿದ್ದವು.

ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಕಾಣುತ್ತದೆ. ಕೆಟ್ಟದ್ದು ಪ್ರತಿ ಸಲವೂ ಒಂದು ಮಾದರಿ. ಡೆತ್‌ಸ್ಟಾರ್ ಎಂದು ಬೈಸಿಕೊಂಡ ಅದೇ ಡೆಸ್ಕ್‌ಸ್ಟಾರ್ ವಂಶ ಹಿಟಾಚಿಯ ಕೈಗೆ ಹೋದ ಮೇಲೆ, 2014ರಲ್ಲಿ ಬ್ಯಾಕ್‌ಬ್ಲೇಜ್ ಪ್ರಕಟಿಸಿದ ಲೆಕ್ಕದಲ್ಲಿ ಎಲ್ಲರಿಗಿಂತ ಗಟ್ಟಿ ಎನ್ನಿಸಿಕೊಂಡಿತು. 3 ಟಿಬಿಯಲ್ಲಿ ಮಾನ ಕಳೆದುಕೊಂಡ ಸೀಗೇಟ್‌ನ 4 ಟಿಬಿ ಡಿಸ್ಕುಗಳು ಅಲ್ಲಿಯೇ ಚೆನ್ನಾಗಿ ದುಡಿದವು. ಬ್ಯಾಕ್‌ಬ್ಲೇಜ್‌ನ ಆ ಲೆಕ್ಕಕ್ಕೂ ಒಂದು ಹಿನ್ನೆಲೆಯಿದೆ. 2011ರಲ್ಲಿ ಥಾಯ್ಲೆಂಡಿನ ನೆರೆಗೆ ಕಾರ್ಖಾನೆಗಳು ಮುಳುಗಿ ಡಿಸ್ಕಿನ ಬೆಲೆ ಏರಿದಾಗ, ಆ ಕಂಪನಿಯವರು ಚಿಲ್ಲರೆ ಅಂಗಡಿಗಳಲ್ಲಿ ಎಕ್ಸ್‌ಟರ್ನಲ್ ಡಿಸ್ಕು ಕೊಂಡು, ಡಬ್ಬಿ ಒಡೆದು, ಒಳಗಿನದನ್ನು ಸರ್ವರಿಗೆ ಜೋಡಿಸಿದ್ದರು. ಮನೆಯ ಮೇಜಿಗೆಂದು ಮಾಡಿದ ಡಿಸ್ಕನ್ನು ಹಗಲೂರಾತ್ರಿ ದುಡಿಸಿದರೆ ತಪ್ಪು ಯಾರದ್ದು ಎಂಬ ವಾದ ಇಂದಿಗೂ ಮುಗಿದಿಲ್ಲ. 2013ರಿಂದ ಅವರು ಬಿಡದೆ ಕೊಡುತ್ತಿರುವ ಅಂಕಿಗಳು ಮಾತ್ರ ಬೆಲೆಯುಳ್ಳವು: 2023ರಲ್ಲಿ ಎರಡೂ ಮುಕ್ಕಾಲು ಲಕ್ಷದ ಹತ್ತಿರದ ಡಿಸ್ಕುಗಳ ಪೈಕಿ ವರ್ಷಕ್ಕೆ ಕೆಟ್ಟದ್ದು ಶೇ 1.40, 2024ರಲ್ಲಿ ಶೇ 1.57. ಮೇಲೆ ಹಿಡಿದ ಶೇ 1.5 ಅಲ್ಲಿಂದಲೇ ಬಂದದ್ದು.

ವಿವರಪಟ್ಟಿಯಲ್ಲಿ ಕಂಪನಿಗಳು ಬರೆದುಕೊಳ್ಳುವ ಅಂಕಿಯನ್ನು ನಂಬಿದರೆ ಇಷ್ಟೂ ಕೆಡಬಾರದು. ಕೆಡುವ ಮೊದಲು ಸರಾಸರಿ 10 ಲಕ್ಷ ಗಂಟೆ ಓಡುತ್ತದೆ ಎನ್ನುತ್ತದೆ ಅದು, ಅಂದರೆ 114 ವರ್ಷ! 2007ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಶ್ರೋಡರ್ ಮತ್ತು ಗಿಬ್ಸನ್ ಇದನ್ನು ಪರೀಕ್ಷೆಗೆ ಹಚ್ಚಿ, ಕಂಡದ್ದನ್ನು ಒಂದು ಸಮ್ಮೇಳನದಲ್ಲಿ ಮಂಡಿಸಿದರು. ವಿವರಪಟ್ಟಿಯ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ ಶೇ 0.88 ಕೆಡಬೇಕಿತ್ತು, ನಿಜವಾಗಿ ಬದಲಾಯಿಸಬೇಕಾದದ್ದು ಶೇ 2ರಿಂದ 4, ಕೆಲವೆಡೆ ಶೇ 13ರವರೆಗೆ. ಅದೇ ಸಮ್ಮೇಳನದಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಮುಂದಿಟ್ಟರು. ಕಂಪನಿ ಮತ್ತು ಮಾದರಿಯಿಂದ ವ್ಯತ್ಯಾಸವಿದೆ ಎಂದರು, ಯಾವ ಕಂಪನಿ ಎಂದು ಮಾತ್ರ ಬಾಯಿ ಬಿಡಲಿಲ್ಲ. ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿ ಹೆಸರು ನುಂಗುವವರು ನಮ್ಮಲ್ಲೂ ಇದ್ದಾರೆ, ಹೀಗಾಗಿ ಬೇಸರವಿಲ್ಲ.

ಗೂಗಲ್ ಅಧ್ಯಯನದ ಇನ್ನೊಂದು ಮಾತು ನಮ್ಮ ಜಿಲ್ಲೆಗೆ ಮುಖ್ಯ. ಬಿಸಿಗೂ ಡಿಸ್ಕಿನ ಸಾವಿಗೂ ಜನ ತಿಳಿದಷ್ಟು ನಂಟಿಲ್ಲ, ತಣ್ಣಗಿದ್ದವೇ ಹೆಚ್ಚು ಕೆಟ್ಟ ಉದಾಹರಣೆಯಿದೆ, ಬಹಳ ಬಿಸಿಯಲ್ಲಿ ಹಳೆಯ ಡಿಸ್ಕುಗಳಿಗೆ ಮಾತ್ರ ತೊಂದರೆ ಎಂದಿತು ಅದು. ಇದನ್ನು ಓದಿ ಏಪ್ರಿಲ್ ತಿಂಗಳಲ್ಲಿ ಧೈರ್ಯ ತಂದುಕೊಳ್ಳುವ ಮೊದಲು ಅಲ್ಲಿನದು ಗಾಳಿ, ಉಷ್ಣ ಎಲ್ಲ ಹತೋಟಿಯಲ್ಲಿರುವ ಕೋಣೆ ಎಂಬುದನ್ನು ಮರೆಯಬಾರದು. ಬಾಗಲಕೋಟೆಯ ಬೇಸಿಗೆ ಮಧ್ಯಾಹ್ನ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಹಲವು ಪೋರ್ಟಬಲ್ ಡಿಸ್ಕುಗಳ ವಿವರಪಟ್ಟಿಯಲ್ಲಿ ಸುತ್ತಲ ಉಷ್ಣ 5ರಿಂದ 35 ಡಿಗ್ರಿ ಇರಬೇಕೆಂದು ಬರೆದಿದೆ. ಅಂದರೆ ನಮ್ಮ ಏಪ್ರಿಲ್, ಮೇ ಎರಡೂ ಕಾಗದದ ಪ್ರಕಾರ ಆ ಡಿಸ್ಕಿಗೆ ರಜೆ. ಮದುವೆ ಸುಗ್ಗಿಯೂ ಅದೇ ತಿಂಗಳುಗಳಲ್ಲಿ. ಎರಡು ಕ್ಯಾಮೆರಾ, ಒಂದು ಡ್ರೋನು, ನೂರಾರು ಜಿಬಿ, ಫ್ಯಾನಿನ ಗಾಳಿಯೂ ತಾಗದ ಮೂಲೆಯಲ್ಲಿ ರೆಕ್ಸಿನ್ ಪೌಚಿನೊಳಗೇ ಇಟ್ಟು ಕಾಪಿಗೆ ಹಚ್ಚಿದ ಡಿಸ್ಕು. ಪೌಚಿನಿಂದ ಹೊರಗೆ ತೆಗೆಯುವಷ್ಟು ಕೆಲಸವನ್ನೂ ಬಹಳ ಸ್ಟುಡಿಯೊಗಳಲ್ಲಿ ಯಾರೂ ಮಾಡುವುದಿಲ್ಲ.

ಕಾಪಿ ಅರ್ಧಕ್ಕೆ ಬಂದಾಗ ವೇಗ ನೆಲಕಚ್ಚಿತೆಂದು ಡಿಸ್ಕು ಹೋಯಿತು ಅಂದುಕೊಳ್ಳುವುದೂ ಉಂಟು. ಈಗಿನ ಪೋರ್ಟಬಲ್ ಡಿಸ್ಕುಗಳಲ್ಲಿ ಹೆಚ್ಚಿನವು ಎಸ್‌ಎಂಆರ್ ವಿಧಾನದವು. ಬರೆಯುವ ಸಾಲುಗಳು ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಅರ್ಧ ಹಾಯ್ದಿರುತ್ತವೆ, ಒಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ತೆಗೆದು ಮತ್ತೆ ಬರೆಯಬೇಕು. ತುಂಬಿದ ಡಿಸ್ಕು ಏದುಸಿರು ಬಿಡುವುದು ಅದಕ್ಕೇ. ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸಾಲಿನ ಕೆಲವು ಡಿಸ್ಕುಗಳು ಈ ವಿಧಾನದವು ಎಂಬುದನ್ನು ಮೊದಲೇ ಹೇಳಲಿಲ್ಲವೆಂದು 2020ರಲ್ಲಿ ದೊಡ್ಡ ಗಲಾಟೆಯೇ ಆಯಿತು.

ಇಳಕಲ್ಲಿನ ಕತೆ ಕರೆಂಟಿನದು. ಟೋಪ ತೆನಿ ಹಾಕುವ ಇಳಕಲ್ ಸೀರೆಯ ಕೈಮಗ್ಗಕ್ಕೆ ಡಿಸ್ಕು ಬೇಕಿಲ್ಲ, ಆ ಸೀರೆಯನ್ನು ದೂರದೂರಿಗೆ ಮಾರುವ ಅಂಗಡಿಗೆ ಬೇಕು: ಬಿಲ್ಲು, ಜಿಎಸ್‌ಟಿ, ಗಿರಾಕಿಗೆ ಕಳಿಸುವ ನೂರಾರು ಸೀರೆ ಫೋಟೊ. ಸುತ್ತಮುತ್ತ ಕೆಂಪು ಗ್ರಾನೈಟ್ ಕೊಯ್ಯುವ, ಪಾಲಿಶ್ ಮಾಡುವ ಯಂತ್ರಗಳಿವೆ. ದೊಡ್ಡ ಮೋಟಾರು ಚಾಲೂ ಆದಾಗ ಅದೇ ಲೈನಿನ ದೀಪ ಒಂದು ಗಳಿಗೆ ಮಂಕಾಗುವುದನ್ನು ಯಾರಾದರೂ ನೋಡಬಹುದು. ಅದರ ಪೆಟ್ಟು ಡಿಸ್ಕಿಗೆ ಹೇಗೆ ಬೀಳುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ಕರೆಂಟ್ ಫಕ್ಕನೆ ಹೋದರೆ ಡಿಸ್ಕು ಅಲ್ಲಿಯೇ ಸಾಯುವುದಿಲ್ಲ. ಇನ್ನೂ ತಿರುಗುತ್ತಿರುವ ತಟ್ಟೆಯ ಚಲನೆಯಿಂದಲೇ ಶಕ್ತಿ ಪಡೆದು ಹೆಡ್ಡು ತನ್ನ ಜಾಗಕ್ಕೆ ಸರಿದುಕೊಳ್ಳುತ್ತದೆ. ಕೆಡುವುದು ಆ ಗಳಿಗೆಯಲ್ಲಿ ಬರೆಯುತ್ತಿದ್ದ ಕಡತ ಮತ್ತು ಕಡತಗಳ ಪಟ್ಟಿ. ಮರುದಿನ ವಿಂಡೋಸ್ "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳುತ್ತದೆ, ಅವಸರದಲ್ಲಿ ಹೌದು ಎನ್ನುತ್ತಾರೆ. ಆಮೇಲೆ "ಡಿಸ್ಕ್ ಹೋತು" ಎಂಬ ದೂರು ಕಂಪನಿಯ ತಲೆಗೆ. ಊರಿನಲ್ಲಿ ಸತ್ತವೆಂದು ಬರೆಸಿಕೊಂಡ ಡಿಸ್ಕುಗಳಲ್ಲಿ ಇಂಥವು ಸಾಕಷ್ಟಿವೆ ಎಂಬುದು ರಿಪೇರಿಯವರ ಬಾಯಿಂದಲೇ ಕೇಳಿದ ಮಾತು.

ಇನ್ವರ್ಟರ್ ಇದೆಯಲ್ಲ ಎಂದರೆ, ಬಹಳಷ್ಟು ಇನ್ವರ್ಟರುಗಳ ಹಿಂದೆ ಯುಪಿಎಸ್ ಮೋಡ್ ಎಂಬ ಒಂದು ಸ್ವಿಚ್ಚಿದೆ. ಅದನ್ನು ಹಾಕದಿದ್ದರೆ ಬದಲಾಗುವ ಹೊತ್ತಿಗೆ ಫ್ಯಾನು, ದೀಪ ತಾಳಿಕೊಳ್ಳುತ್ತವೆ, ಕಂಪ್ಯೂಟರು ತಾಳುವುದಿಲ್ಲ. ಯುಪಿಎಸ್ ಇದ್ದರೂ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸತ್ತು ಬರೀ ಡಬ್ಬಿ ಉಳಿದಿರುತ್ತದೆ. ಇದಕ್ಕಿಂತ ಕೆಟ್ಟದ್ದು ಅಡಾಪ್ಟರ್ ಅದಲುಬದಲು. ದೊಡ್ಡ ಎಕ್ಸ್‌ಟರ್ನಲ್ ಡಿಸ್ಕಿಗೆ 12 ವೋಲ್ಟ್ ಬೇಕು, ಮೇಜಿನ ಮೇಲೆ 19 ವೋಲ್ಟಿನ ಲ್ಯಾಪ್‌ಟಾಪ್ ಚಾರ್ಜರು ಬಿದ್ದಿರುತ್ತದೆ, ಪಿನ್ ಹೊಂದುತ್ತದೆ. ಸುಟ್ಟ ವಾಸನೆ ಬಂದರೂ ಆಸೆ ಬಿಡಬೇಕಿಲ್ಲ. ಬೋರ್ಡಿನ ಮೇಲಿನ ರಕ್ಷಣೆಯ ಡಯೋಡು ತಾನು ಸುಟ್ಟುಕೊಂಡು ಒಳಗಿನದನ್ನು ಉಳಿಸಿರಬಹುದು, ಬಲ್ಲವರು ಅದನ್ನು ತೆಗೆದು ಡಾಟಾ ಈಚೆ ತರುತ್ತಾರೆ. ಅಂಥದ್ದೇ ಇನ್ನೊಂದು ಡಿಸ್ಕಿನ ಬೋರ್ಡು ತಂದು ಕೂರಿಸುವ ಹಳೆಯ ಉಪಾಯ ಮಾತ್ರ ಈಗ ನಡೆಯುವುದಿಲ್ಲ. ಆ ಡಿಸ್ಕಿಗಷ್ಟೇ ಸೇರಿದ ಅಳತೆಗಳು ಹಳೆಯ ಬೋರ್ಡಿನ ರೋಮ್ (ROM) ಚಿಪ್ಪಿನಲ್ಲಿರುತ್ತವೆ, ಅದನ್ನೂ ಕಿತ್ತು ಹೊಸದಕ್ಕೆ ಬೆಸುಗೆ ಹಾಕಬೇಕು.

ಗ್ರಾನೈಟಿನ ದೂಳಿನ ಬಗ್ಗೆ ಇಳಕಲ್ಲಿನವರಿಗೆ ಬಹಳ ಚಿಂತೆ. ಡಿಸ್ಕಿಗೆ ಉಸಿರಾಡುವ ಸಣ್ಣ ರಂಧ್ರವಿದೆ, ಅದರ ಹಿಂದೆ ಸೋಸುವ ಪದರವಿದೆ, ದೂಳು ಒಳಗೆ ಹೋಗದು. ಕ್ಯಾಬಿನೆಟ್ಟಿನ ಫ್ಯಾನಿಗೆ ಮೆತ್ತಿ ಬಿಸಿ ಏರಿಸುವಷ್ಟು ಹಾನಿ ಮಾತ್ರ ಅದರಿಂದ.

ಬಾದಾಮಿಯಲ್ಲಿ ಇನ್ನೊಂದು ಬಗೆಯ ಕಾಟ, ಸದ್ದಿನದು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡಿತೆಂದರೆ ಚೊಳಚಗುಡ್ಡದ ಬಯಲಿನಲ್ಲಿ ನಾಟಕ ಕಂಪನಿಗಳ ಥಿಯೇಟರುಗಳು ಏಳುತ್ತವೆ, ಆಟಗಳು ವಾರಗಟ್ಟಲೆ ನಡೆಯುತ್ತವೆ. ಈಗ ರೆಕಾರ್ಡಿಂಗ್ ಮಾಡುವವರೂ ಇದ್ದಾರೆ. ಲ್ಯಾಪ್‌ಟಾಪು, ಡಿಸ್ಕು ಎರಡನ್ನೂ ಸ್ಪೀಕರ್ ಡಬ್ಬಿಯ ಮೇಲೆಯೇ ಇಟ್ಟುಬಿಡುವುದು ಎಲ್ಲ ಮೇಳದ ಚಾಳಿ. ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಹಾರುವ ಹೆಡ್ಡಿಗೆ ಜೋರು ಸದ್ದು ಎಂದರೆ ಕಂಪನ. ಇದು ಉತ್ಪ್ರೇಕ್ಷೆಯಲ್ಲ. 2016ರ ಸೆಪ್ಟೆಂಬರಿನಲ್ಲಿ ಬುಕಾರೆಸ್ಟಿನ ಐಎನ್‌ಜಿ ಬ್ಯಾಂಕಿನ ಡಾಟಾ ಸೆಂಟರಿನಲ್ಲಿ ಬೆಂಕಿ ನಂದಿಸುವ ಅನಿಲದ ಪರೀಕ್ಷೆ ಮಾಡಿದಾಗ, ಅನಿಲ ನುಗ್ಗಿದ ಸದ್ದಿಗೇ ಡಿಸ್ಕುಗಳು ಕೆಟ್ಟು ಬ್ಯಾಂಕಿನ ಕೆಲಸ ಗಂಟೆಗಟ್ಟಲೆ ನಿಂತಿತು. ಜಾನೆಟ್ ಜಾಕ್ಸನ್‌ಳ ಒಂದು ಹಾಡು ಕೆಲವು ಹಳೆಯ ಲ್ಯಾಪ್‌ಟಾಪುಗಳ 5400 ಆರ್‌ಪಿಎಂ ಡಿಸ್ಕಿನ ಸಹಜ ಕಂಪನಕ್ಕೆ ಕೂಡಿಬಂದು, ಹಾಡು ಹಚ್ಚಿದರೆ ಯಂತ್ರವೇ ನಿಲ್ಲುತ್ತಿತ್ತು ಎಂದು ಮೈಕ್ರೊಸಾಫ್ಟ್‌ನ ಎಂಜಿನಿಯರೊಬ್ಬರು 2022ರಲ್ಲಿ ಬರೆದರು. ನಮ್ಮ ಕಂಪನಿ ನಾಟಕದ ಕ್ಲ್ಯಾರಿಯೊನೆಟ್ಟು, ತಬಲಾ ಅಷ್ಟು ಮಾಡಲಿಕ್ಕಿಲ್ಲ, ಡಿಜೆ ಬೇಸ್ ಮಾಡಿದರೆ ಆಶ್ಚರ್ಯವಿಲ್ಲ. ಡಬ್ಬಿಯ ಮೇಲಿಂದ ಜಾರಿ ಬಿದ್ದರಂತೂ ಮುಗಿಯಿತು. ನಿಂತ ಡಿಸ್ಕು ತಾಳುವ ಪೆಟ್ಟನ್ನು ತಿರುಗುವ ಡಿಸ್ಕು ತಾಳುವುದಿಲ್ಲ. ಬಿದ್ದ ಮೇಲೆ ಕಟಕಟ ಸಪ್ಪಳ ಬಂದರೆ ಮತ್ತೆ ಮತ್ತೆ ಹಚ್ಚಿ ನೋಡುವುದು ತಟ್ಟೆ ಕೆರೆಯಲು ಹೆಡ್ಡಿಗೆ ನಾವೇ ಕೊಟ್ಟ ಅವಕಾಶ.

ಹುನಗುಂದದ ಡಿಟಿಪಿ ಅಂಗಡಿಯ ಆ ಹದಿನೈದು ವರ್ಷದ ಡಿಸ್ಕಿಗೆ ಬರೋಣ. ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ನುಡಿ ಫಾಂಟು, 80 ಜಿಬಿಯ ಅಗಲ ಪಟ್ಟಿಯ ಐಡಿಇ ಡಿಸ್ಕು. ಊರಿನ ಲಗ್ನಪತ್ರಿಕೆ, ಶ್ರದ್ಧಾಂಜಲಿ ಎಲ್ಲ ಅದರೊಳಗೆ. "ಮೊದಲಿನ ಮಾಲು ಗಟ್ಟಿ ಇರ್ತಿತ್ರೀ" ಎಂಬ ಮಾತಿಗೆ ಅದೇ ಸಾಕ್ಷಿ. ಆದರೆ ಅದರ ಜೊತೆ ಕೊಂಡ ಎಷ್ಟೋ ಡಿಸ್ಕುಗಳು ಗುಜರಿಗೆ ಹೋಗಿ ದಶಕವಾಯಿತು, ಸಾಕ್ಷಿ ಹೇಳಲು ಅವು ಇಲ್ಲ. ಬ್ಯಾಕ್‌ಬ್ಲೇಜ್‌ನ 2013ರ ಲೆಕ್ಕದಲ್ಲಿ ನಾಲ್ಕು ವರ್ಷ ದಾಟಿದವು ನೂರಕ್ಕೆ ಎಂಬತ್ತರ ಹತ್ತಿರ. ಮೊದಲ ಒಂದೂವರೆ ವರ್ಷ ವರ್ಷಕ್ಕೆ ಶೇ 5.1, ಮುಂದಿನ ಒಂದೂವರೆ ವರ್ಷ ಶೇ 1.4, ಮೂರು ವರ್ಷ ದಾಟಿದ ಮೇಲೆ ಶೇ 11.8ರಂತೆ ಕೆಟ್ಟವು. ಈಚಿನ ಡಿಸ್ಕುಗಳು ಇದಕ್ಕಿಂತ ಮೇಲು. ಅಂದರೆ ಹೊಸ ಮಾಲೇ ಗಟ್ಟಿ, ಹಳೆಯದರಲ್ಲಿ ಉಳಿದದ್ದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ.

ವಯಸ್ಸು ಇಷ್ಟು ಮುಖ್ಯವಾದರೆ ಅದನ್ನು ನೋಡಿಯೇ ಕೊಳ್ಳಬೇಕು. ಎಲ್ಲ ಡಿಸ್ಕಿನಲ್ಲೂ ಸ್ಮಾರ್ಟ್ ಎಂಬ ಒಳಲೆಕ್ಕವಿರುತ್ತದೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಪುಕ್ಕಟೆ ತಂತ್ರಾಂಶ ಅದನ್ನು ತೆರೆದು ತೋರಿಸುತ್ತದೆ. ಎಷ್ಟು ಗಂಟೆ ಓಡಿದೆ, ಎಷ್ಟು ಸೆಕ್ಟರ್ ಬದಲಾಯಿಸಿಕೊಂಡಿದೆ, ಎಷ್ಟು ಸೆಕ್ಟರ್ ಓದಲು ಬಾರದೆ ಬಾಕಿ ಕೂತಿವೆ. ವರ್ಷವಿಡೀ ಓಡಿದರೆ 8,760 ಗಂಟೆ. ಸಿಸಿ ಕ್ಯಾಮೆರಾದ ಡಿವಿಆರ್‌ನಿಂದ ಕಿತ್ತ ಡಿಸ್ಕು ಅಗ್ಗಕ್ಕೆ ಬಂದಾಗ ಇದನ್ನು ನೋಡದೆ ಹಣ ಕೊಡಬಾರದು. ಆದರೆ ಇದೂ ಪೂರಾ ನಂಬಿಕೆಗೆ ಅಲ್ಲ. ಗೂಗಲ್‌ನಲ್ಲಿ ಸತ್ತ ಡಿಸ್ಕುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಡದೆ ಹೋಗಿದ್ದವು. ಮೇಲಾಗಿ ಗಂಟೆಯ ಲೆಕ್ಕ ಅಳಿಸುವವರೂ ಇದ್ದಾರೆ. 2025ರ ಜನವರಿಯಲ್ಲಿ ಜರ್ಮನಿಯ ಹೈಸೆ ಪ್ರಕಾಶನದವರು, ಸಾವಿರಾರು ಗಂಟೆ ದುಡಿದ ಸೀಗೇಟ್ ಡಿಸ್ಕುಗಳು ಸ್ಮಾರ್ಟ್ ಲೆಕ್ಕ ತೊಳೆದುಕೊಂಡು ಹೊಸದೆಂದು ಮಾರಾಟವಾಗುತ್ತಿರುವುದನ್ನು ಬಯಲಿಗೆಳೆದರು. ಕಂಪನಿಯದೇ ಇನ್ನೊಂದು ಒಳದಾಖಲೆ ಅಳಿಸದೆ ಉಳಿದಿದ್ದರಿಂದ ಕಳ್ಳತನ ಸಿಕ್ಕಿತು.

ಈಗ ಎಲ್ಲ ಅಂಗಡಿಯವರ ಸಲಹೆ ಒಂದೇ, "ಎಸ್‌ಎಸ್‌ಡಿ ಹಾಕಿಸ್ರಿ." ವೇಗಕ್ಕೆ ಸರಿ, ಬೀಳುವ ಭಯವೂ ಕಡಿಮೆ. ಸಾಯುವಾಗ ಸಪ್ಪಳವಿಲ್ಲ, ನಿನ್ನೆ ಇತ್ತು, ಇವತ್ತು ಡಿಟೆಕ್ಟ್ ಆಗುತ್ತಿಲ್ಲ, ಅಷ್ಟೇ. ಕಪಾಟಿನಲ್ಲಿ ವರ್ಷಗಟ್ಟಲೆ ಇಡಲು ಅದು ತಕ್ಕದ್ದಲ್ಲ: ಬರೆಯುವ ಆಯುಸ್ಸು ಮುಗಿದ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡಾಟಾ ಹಿಡಿದರೆ ಸಾಕು ಎನ್ನುತ್ತದೆ ಜೆಡೆಕ್ ಮಾನಕ, ಬಿಸಿ ಏರಿದಂತೆ ಆ ಅವಧಿ ಇಳಿಯುತ್ತದೆ. ನಮ್ಮ ತಗಡಿನ ಕಪಾಟುಗಳು ಎಷ್ಟು ಡಿಗ್ರಿ ಇರುತ್ತವೆ ಎಂದು ಮುಟ್ಟಿ ನೋಡಿದವರಿಗೆ ಗೊತ್ತು.

ಬಾಗಲಕೋಟೆಗೆ ಕಪಾಟಿನ ಮಾತು ಸಣ್ಣದಲ್ಲ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹಳೆಯ ಊರಿನ ಓಣಿಗಳು ಹೋದ ಮೇಲೆ ಅಲ್ಲಿನ ಮನೆ, ಅಂಗಳ, ಮದುವೆ ಹಂದರ ಉಳಿದದ್ದು ಕೆಲವರ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ. ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಡಿಸ್ಕಿಗೆ ಬಂದ ಆ ಚಿತ್ರಗಳಿಗೆ ಮರುಚಿತ್ರೀಕರಣವಿಲ್ಲ. ಆ ಅಣೆಕಟ್ಟೆಯ 519.60 ಮೀಟರಿನ ನೀರಿನ ಮಟ್ಟವನ್ನು 524.256ಕ್ಕೆ ಏರಿಸುವ ಯೋಜನೆ ಮುಂದೆ ಬರುತ್ತಿರುವಾಗ, ಹಿನ್ನೀರಿಗೆ ಹೋಗಲಿರುವ ಹಳ್ಳಿಗಳವರೂ ಮನೆ, ಗುಡಿ ವಿಡಿಯೊ ಮಾಡಿಸಿಕೊಂಡರೆ ಅವೂ ಹೀಗೆಯೇ ಯಾವುದೋ ಒಂದು ಡಿಸ್ಕಿಗೆ ಇಳಿಯುತ್ತವೆ. ಡಿಸ್ಕು ಕೆಟ್ಟರೆ ವಾರಂಟಿಯಲ್ಲಿ ಕಂಪನಿ ಕೊಡುವುದು ಬದಲಿ ಡಿಸ್ಕನ್ನು ಮಾತ್ರ, ಬಹಳ ಸಲ ರಿಪೇರಿಯಾಗಿ ಬಂದದ್ದು. ಒಳಗಿನದಕ್ಕೆ ಅದು ಹೊಣೆಯಲ್ಲ. ಡಾಟಾ ತೆಗೆಸಲು ದೊಡ್ಡ ಊರಿನ ಕ್ಲೀನ್ ರೂಮಿಗೆ ಕಳಿಸಬೇಕು, ಅದರ ಬಿಲ್ಲು ಡಿಸ್ಕಿನ ಬೆಲೆಗೆ ಹಲವು ಪಟ್ಟು. ವೆಸ್ಟರ್ನ್ ಡಿಜಿಟಲ್‌ನ ಮೈ ಪಾಸ್‌ಪೋರ್ಟ್ ಹಲವು ಮಾದರಿಗಳಲ್ಲಿ ಯುಎಸ್‌ಬಿ ಕಿಂಡಿ ಬೋರ್ಡಿಗೇ ಬೆಸೆದು, ಡಾಟಾ ಗೂಢಲಿಪಿಯಲ್ಲಿ ಇರುವುದರಿಂದ ಅಲ್ಲಿಯೂ ಕೆಲಸ ಕಠಿಣ.

ಹಾಗಾಗಿ ಎರಡು ಡಿಸ್ಕು. ಇಲ್ಲಿಗೆ ಬಂದಾಗ ಕಂಪನಿಯ ಪ್ರಶ್ನೆಗೆ ಮೊದಲ ಸಲ ನಿಜವಾದ ಅರ್ಥ ಬರುತ್ತದೆ. ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಮಾದರಿಯ ಜೋಡಿ ಕೊಂಡರೆ ಎರಡೂ ಒಂದೇ ತಂಡದಲ್ಲಿ ತಯಾರಾದವು, ಫರ್ಮ್‌ವೇರಿನ ತಪ್ಪಿದ್ದರೆ ಎರಡಕ್ಕೂ ಅದೇ ತಪ್ಪು, ಒಂದರ ಬೆನ್ನಿಗೆ ಇನ್ನೊಂದು ಹೋಗಬಹುದು. ಯಾವ ಕಂಪನೀದು ತಗೋಬೇಕ್ರಿ ಎಂದು ಕೇಳುವವರಿಗೆ ನಾನು ಈಗ ಹೇಳುವುದು, ನೀವು ಮೆಚ್ಚುವ ಕಂಪನೀದೊಂದು, ನಿಮ್ಮ ಪಕ್ಕದ ಅಂಗಡಿಯವರು ಮೆಚ್ಚುವ ಕಂಪನೀದೊಂದು. ಒಂದು ನವನಗರದ ಮನೆಯಲ್ಲಿರಲಿ, ಇನ್ನೊಂದು ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಇರುವ ಮಗಳ ಮನೆಯಲ್ಲಿ. ಪಂಚಮಿಗೆ ಆಕೆ ತವರಿಗೆ ಬಂದಾಗ ಎರಡನ್ನೂ ಹಚ್ಚಿ, ಒಂದೆರಡು ವಿಡಿಯೊ ಕೊನೆಯ ತನಕ ಓಡಿಸಿ ನೋಡುವುದು.